ತೈ ಚಿ: ಸನ್ಯಾಸಿಯ ಕನಸೋ, ರೈತರ ಊರೋ?

ನೀವು ಪಾತ್ರೆ ತೊಳೀತಾ ಕೇಳ್ತಿದ್ದೀರೋ, ಬಸ್ಸಲ್ಲಿ ನಿಂತುಕೊಂಡು ಕೇಳ್ತಿದ್ದೀರೋ ನಂಗೆ ಗೊತ್ತಿಲ್ಲ. ಬಸ್ಸಲ್ಲಿ ನಿಂತಿದ್ದರೆ ಒಳ್ಳೆಯದೇ ಆಯ್ತು, ಇವತ್ತಿನ ವಿಷಯಕ್ಕೆ ಅದಕ್ಕಿಂತ ಒಳ್ಳೆ ಪ್ರಯೋಗಶಾಲೆ ಇಲ್ಲ. ಯಾಕೆ ಅಂತ ಆಮೇಲೆ ಹೇಳ್ತೀನಿ.

ವಿಷಯ ತೈ ಚಿ. ಪೂರ್ತಿ ಹೆಸರು ತೈಜಿಚ್ವಾನ್. ಚೀನಾದ ಪಾರ್ಕುಗಳಲ್ಲಿ ಬೆಳಬೆಳಗ್ಗೆ ವಯಸ್ಸಾದವರು ಸಾಲಾಗಿ ನಿಂತು, ನೀರೊಳಗೆ ಓಡಾಡ್ತಿದ್ದಾರೇನೋ ಅನ್ನೋ ಹಾಗೆ ನಿಧಾನವಾಗಿ ಕೈ ಆಡಿಸೋ ವಿಡಿಯೋ ನೋಡಿರ್ತೀರಿ. ಅದೇ. ನೋಡಿದವರಲ್ಲಿ ಹೆಚ್ಚಿನವರು "ಓ, ಚೀನಾದ ಯೋಗ" ಅಂದುಕೊಂಡು ಸ್ಕ್ರೋಲ್ ಮಾಡ್ತಾರೆ. ಆದ್ರೆ ಆ ಹೆಸರಿನ ಕೊನೆಯಲ್ಲಿರೋ "ಚ್ವಾನ್" ಅನ್ನೋ ಪದಕ್ಕೆ ಮುಷ್ಟಿ ಅಂತ ಅರ್ಥ. ಅಂದ್ರೆ ಇದು ಹೊಡೆದಾಟದ ವಿದ್ಯೆ. ಇಷ್ಟು ನಿಧಾನಕ್ಕೆ ಹೊಡೆದರೆ ಯಾರಿಗೆ ತಾನೇ ತಾಗುತ್ತೆ ಅನ್ನೋದು ನ್ಯಾಯವಾದ ಪ್ರಶ್ನೆ. ಇದೇ ಪ್ರಶ್ನೆಯನ್ನ 2017ರಲ್ಲಿ ಚೀನಾದಲ್ಲೇ ಒಬ್ಬ ಕೇಳಿದ, ಅದೂ ಬಾಯಲ್ಲಲ್ಲ, ಕೈಯಲ್ಲಿ. ಆ ಗಲಾಟೆ ಅರ್ಥ ಆಗಬೇಕಾದ್ರೆ ಮೊದಲು ಈ ವಿದ್ಯೆ ಎಲ್ಲಿಂದ ಬಂತು ಅಂತ ನೋಡಬೇಕು.

ಇದರ ಹುಟ್ಟಿನ ಬಗ್ಗೆ ಎರಡು ಕಥೆಗಳಿವೆ. ಒಂದು ತುಂಬಾ ಚೆನ್ನಾಗಿದೆ. ಇನ್ನೊಂದು ನಿಜಕ್ಕೆ ಹತ್ತಿರ.

ಚೆನ್ನಾಗಿರೋ ಕಥೆ ಮೊದಲು. ಹುಬೇ ಪ್ರಾಂತ್ಯದಲ್ಲಿ ವುಡಾಂಗ್ ಅನ್ನೋ ಬೆಟ್ಟಸಾಲು ಇದೆ, ತಾವೋ ಪಂಥದ ದೊಡ್ಡ ಕ್ಷೇತ್ರ. ಅಲ್ಲಿ ಜಾಂಗ್ ಸಾನ್‌ಫೆಂಗ್ ಅನ್ನೋ ಸನ್ಯಾಸಿ ಇದ್ದನಂತೆ. ಒಂದು ದಿನ ಹಾವಿಗೂ ಕೊಕ್ಕರೆ ಜಾತಿಯ ಹಕ್ಕಿಗೂ ಜಗಳ ಆಗೋದನ್ನ ನೋಡ್ತಾನೆ. ಹಕ್ಕಿ ಕುಕ್ಕೋಕೆ ಬಂದಾಗಲೆಲ್ಲ ಹಾವು ಬಳುಕಿ ತಪ್ಪಿಸಿಕೊಳ್ಳುತ್ತೆ, ಮರುಕ್ಷಣ ತಿರುಗಿ ಕಚ್ಚೋಕೆ ಬರುತ್ತೆ. ಮೆತ್ತಗಿರೋದು ಗಟ್ಟಿಯಾಗಿರೋದನ್ನ ಗೆಲ್ಲಬಹುದು ಅಂತ ಅವನಿಗೆ ಹೊಳೀತು, ತೈ ಚಿ ಹುಟ್ಟಿತು. ಸಿನಿಮಾಗಳಲ್ಲಿ, ಗೇಮ್‌ಗಳಲ್ಲಿ ನಿಮಗೆ ಸಿಗೋದು ಈ ಕಥೆಯೇ.

ಈ ಜಾಂಗ್ ಸಾನ್‌ಫೆಂಗ್ ಯಾವ ಕಾಲದವನು ಅಂತ ಹುಡುಕಿದ್ರೆ ತಲೆ ತಿರುಗುತ್ತೆ. ಒಂದು ಕಡೆ ಸಾಂಗ್ ರಾಜರ ಕಾಲ ಅಂತಾರೆ, ಇನ್ನೊಂದು ಕಡೆ ಯುವಾನ್, ಮತ್ತೊಂದು ಕಡೆ ಮಿಂಗ್. ಎಲ್ಲವನ್ನೂ ನಂಬೋದಾದ್ರೆ ಅವನು ಮುನ್ನೂರು ವರ್ಷ ಬದುಕಿರಬೇಕು. ಮಿಂಗ್ ಚಕ್ರವರ್ತಿ ಯೋಂಗ್ಲೆ ಅವನನ್ನ ಹುಡುಕೋಕೆ ಜನರನ್ನ ಕಳಿಸಿದ್ದ. ಸಿಗಲಿಲ್ಲ. ಅದೇ ಚಕ್ರವರ್ತಿ ವುಡಾಂಗ್ ಬೆಟ್ಟದ ಮೇಲೆ ಭಾರಿ ದೇವಾಲಯಗಳನ್ನ ಕಟ್ಟಿಸಿದ.

ಈ ಸನ್ಯಾಸಿಗೂ ಹೊಡೆದಾಟಕ್ಕೂ ನಂಟು ಕಟ್ಟಿದ ಮೊದಲ ಪ್ರಮುಖ ಬರಹ 1669ರದ್ದು. ಅದೊಂದು ಸಮಾಧಿ ಲೇಖ. ಬರೆದವನು ಹುವಾಂಗ್ ಜೋಂಗ್‌ಶಿ, ಆ ಕಾಲದ ದೊಡ್ಡ ಪಂಡಿತ. ತೀರಿಕೊಂಡವನು ವಾಂಗ್ ಜೆಂಗ್‌ನಾನ್ ಅನ್ನೋ ಮುಷ್ಟಿಯುದ್ಧ ನಿಪುಣ. ಅದರಲ್ಲಿ ಹುವಾಂಗ್ ಬರೀತಾನೆ: ಶಾವೋಲಿನ್ ಮಠದ ಕುಸ್ತಿ "ಹೊರಗಿನದು". ಅದಕ್ಕೆ ಎದುರಾಗಿ "ಒಳಗಿನ" ಪರಂಪರೆ ಒಂದಿದೆ, ಅದರ ಮೂಲಪುರುಷ ಜಾಂಗ್ ಸಾನ್‌ಫೆಂಗ್, ಅವನಿಗೆ ದೇವರೇ ಕನಸಲ್ಲಿ ಬಂದು ವಿದ್ಯೆ ಕಲಿಸಿದ, ಮರುದಿನ ಬೆಳಗ್ಗೆ ಅವನೊಬ್ಬನೇ ನೂರಕ್ಕೂ ಹೆಚ್ಚು ದರೋಡೆಕೋರರನ್ನ ಕೊಂದ ಅಂತ. "ಇಂಟರ್ನಲ್ ಮಾರ್ಷಲ್ ಆರ್ಟ್" ಅಂತ ಈಗ ನಾವು ಹೇಳೋ ಮಾತಿನ ಬೇರು ಇಲ್ಲಿದೆ.

ಗಮನಿಸಿ, ಆ ಲೇಖದಲ್ಲಿ ತೈ ಚಿ ಅನ್ನೋ ಹೆಸರೇ ಇಲ್ಲ. ವಾಂಗ್ ಕಲಿತದ್ದು ಬೇರೆಯೇ ವಿದ್ಯೆ. ಹಾಗಿದ್ರೆ ಇಂಥಾ ಪಂಡಿತ ಕನಸಿನ ಕಥೆ ಯಾಕೆ ಬರೆದ? 1644ರಲ್ಲಿ ಮಂಚು ಜನ ಉತ್ತರದಿಂದ ಬಂದು ಬೀಜಿಂಗ್ ಹಿಡಿದಿದ್ದರು. ಹುವಾಂಗ್, ವಾಂಗ್ ಇಬ್ಬರೂ ಅವರ ವಿರುದ್ಧ ನಿಂತು ಸೋತವರು. ಶಾವೋಲಿನ್ ಬೌದ್ಧ ಮಠ, ಬೌದ್ಧಧರ್ಮ ಹೊರಗಿನಿಂದ, ಅಂದ್ರೆ ನಮ್ಮ ಕಡೆಯಿಂದ, ಚೀನಾಕ್ಕೆ ಹೋದದ್ದು. ತಾವೋ ಅವರದೇ ಮಣ್ಣಿನದು. ಹಾಗಾಗಿ "ಒಳಗಿನದು ಹೊರಗಿನದನ್ನ ಗೆಲ್ಲುತ್ತೆ" ಅನ್ನೋದು ಮಂಚು ಆಳ್ವಿಕೆಯ ವಿರುದ್ಧ ಮರೆಮಾಚಿ ಹೇಳಿದ ರಾಜಕೀಯದ ಮಾತಾಗಿರಬಹುದು ಅಂತ ಕೆಲವು ಇತಿಹಾಸಕಾರರು ಓದುತ್ತಾರೆ. ನಂಗೆ ಈ ವಿವರಣೆ ಸರಿ ಅನ್ನಿಸುತ್ತೆ. ಗೋರಿಕಲ್ಲಿನ ಮೇಲೆ ನೇರವಾಗಿ ಸರ್ಕಾರವನ್ನ ಬೈಯೋಕೆ ಆಗಲ್ವಲ್ಲ.

ಇಲ್ಲೇ ಇನ್ನೊಂದು ಮಾತು ಹೇಳಿಬಿಡ್ತೀನಿ, ಇಲ್ಲಾಂದ್ರೆ ಕಾಮೆಂಟಲ್ಲಿ ಬರುತ್ತೆ. "ಕುಂಗ್ ಫೂ ಕಲಿಸಿದ್ದೇ ದಕ್ಷಿಣ ಭಾರತದ ಬೋಧಿಧರ್ಮ" ಅಂತ ವಾಟ್ಸಾಪ್‌ನಲ್ಲಿ ಓಡಾಡುತ್ತೆ. 2011ರಲ್ಲಿ ಸೂರ್ಯ ಅಭಿನಯದ ತಮಿಳು ಸಿನಿಮಾ ಬಂದಮೇಲಂತೂ ಇದು ಇನ್ನೂ ಜೋರಾಯ್ತು. ಬೋಧಿಧರ್ಮ ದಕ್ಷಿಣ ಭಾರತದವನು ಅನ್ನೋ ಸಂಪ್ರದಾಯ ಹಳೆಯದೇ. ಆದ್ರೆ ಅವನಿಗೂ ವ್ಯಾಯಾಮ ವಿದ್ಯೆಗೂ ಗಂಟು ಹಾಕಿದ್ದು 17ನೇ ಶತಮಾನದ ಒಂದು ಪುಸ್ತಕ, ಅವನ ಕಾಲಕ್ಕೂ ಅದಕ್ಕೂ ಸಾವಿರ ವರ್ಷಕ್ಕಿಂತ ಹೆಚ್ಚು ಅಂತರ. ಅಂದ್ರೆ ಜಾಂಗ್ ಸಾನ್‌ಫೆಂಗ್ ಕಥೆ, ಬೋಧಿಧರ್ಮನ ಕಥೆ ಎರಡೂ ಹೆಚ್ಚುಕಡಿಮೆ ಒಂದೇ ಶತಮಾನದ ಅಡುಗೆ. ನಮ್ಮವನು ಅನ್ನೋ ಕಾರಣಕ್ಕೆ ಒಂದನ್ನ ಉಳಿಸಿಕೊಂಡು ಇನ್ನೊಂದನ್ನ ಬಿಸಾಕೋಕೆ ಬರಲ್ಲ.

ಈಗ ಎರಡನೇ ಕಥೆ. ಇದರಲ್ಲಿ ದೇವರಿಲ್ಲ, ಕೊಕ್ಕರೆ ಇಲ್ಲ. ಒಬ್ಬ ವಕೀಲ ಇದ್ದಾನೆ.

ತಾಂಗ್ ಹಾವ್ ಅಂತ ಹೆಸರು. ವಕೀಲಿಕೆ ಓದಿದವನು, ಜೊತೆಗೆ ಕುಸ್ತಿ ಅಭ್ಯಾಸ ಮಾಡ್ತಿದ್ದವನು. 1930ರಲ್ಲಿ ಶಾವೋಲಿನ್ ಮತ್ತು ವುಡಾಂಗ್ ದಂತಕಥೆಗಳನ್ನ ಕೋರ್ಟಲ್ಲಿ ಸಾಕ್ಷಿಯನ್ನ ಪಾಟೀಸವಾಲು ಮಾಡೋ ಹಾಗೆ ಒಂದೊಂದಾಗಿ ಬಿಚ್ಚಿ ಪುಸ್ತಕ ಬರೆದ. ಎಷ್ಟೋ ಜನಕ್ಕೆ ಸಿಟ್ಟು ಬಂತು, ಬರದೇ ಇರುತ್ತಾ? ಆಮೇಲೆ ಅವನು ಹೆನಾನ್ ಪ್ರಾಂತ್ಯದ ವೆನ್ ಕೌಂಟಿಯಲ್ಲಿರೋ ಚೆನ್‌ಜಿಯಾಗೋ ಅನ್ನೋ ಹಳ್ಳಿಗೆ ಹೋದ. ಚೆನ್ ಮನೆತನದ ಊರು ಅದು. ಜೋಳ, ಗೋಧಿ ಬೆಳೆಯೋ ರೈತರು. ಅಲ್ಲಿ ಅವನಿಗೆ ಸಿಕ್ಕಿದ್ದು ಮನೆತನದ ವಂಶಾವಳಿ. ಅದರಲ್ಲಿ ಒಂಬತ್ತನೇ ತಲೆಮಾರಿನ ಚೆನ್ ವಾಂಗ್‌ಟಿಂಗ್ ಅನ್ನೋನ ಹೆಸರಿನ ಪಕ್ಕದಲ್ಲಿ, ಚೆನ್ ಮನೆತನದ ಮುಷ್ಟಿ, ಕತ್ತಿ, ಈಟಿ ವಿದ್ಯೆಗಳನ್ನ ರೂಪಿಸಿದವನು ಇವನೇ ಅನ್ನೋ ಟಿಪ್ಪಣಿ ಇತ್ತು.

ಚೆನ್ ವಾಂಗ್‌ಟಿಂಗ್ 17ನೇ ಶತಮಾನದವನು. ಮಿಂಗ್ ಆಳ್ವಿಕೆ ಕುಸೀತಿದ್ದ ಕಾಲ. ಎಲ್ಲಿ ನೋಡಿದ್ರೂ ಬರ, ದಂಗೆ, ದರೋಡೆ. ಹಳ್ಳಿಗಳು ತಮ್ಮನ್ನ ತಾವೇ ಕಾಯ್ಕೋಬೇಕಿತ್ತು, ಇವನು ಸ್ಥಳೀಯ ಕಾವಲು ಪಡೆಯಲ್ಲಿ ಇದ್ದವನು. ಚೆನ್ ಮನೆಯ ಅಭ್ಯಾಸದಲ್ಲಿ ಬರೋ ಪಟ್ಟುಗಳ ಹೆಸರುಗಳಲ್ಲಿ ಹಲವು, ಅದಕ್ಕಿಂತ ಮುಂಚೆ ಚಿ ಜಿಗುವಾಂಗ್ ಅನ್ನೋ ಮಿಂಗ್ ಸೇನಾಪತಿ ಬರೆದ ಸೈನಿಕ ಕೈಪಿಡಿಯಲ್ಲಿ ಇವೆ. ಕಡಲ್ಗಳ್ಳರ ವಿರುದ್ಧ ಹೋರಾಡಿದ ಸೇನಾಪತಿ ಅವನು. ತನ್ನ ಪುಸ್ತಕದಲ್ಲಿ ಬರಿಗೈ ಹೊಡೆದಾಟದ 32 ಭಂಗಿಗಳನ್ನ ಕೊಟ್ಟಿದ್ದಾನೆ. ಮಜಾ ಏನಂದ್ರೆ, ದೊಡ್ಡ ಯುದ್ಧದಲ್ಲಿ ಇದರಿಂದ ಅಂಥಾ ಉಪಯೋಗವಿಲ್ಲ, ಹೊಸ ಸೈನಿಕರ ಕೈಕಾಲು ಪಳಗಿಸೋಕೆ ಒಳ್ಳೆಯದು ಅಂತ ಅವನೇ ಹೇಳ್ತಾನೆ. ಇಷ್ಟು ಪ್ರಾಮಾಣಿಕವಾಗಿ ಮಾತಾಡಿದ ಗುರು ಆಮೇಲೆ ಈ ಕ್ಷೇತ್ರದಲ್ಲಿ ಕಡಿಮೆ.

ಎಲ್ಲವನ್ನೂ ಚೆನ್ ವಾಂಗ್‌ಟಿಂಗ್ ಒಬ್ಬನೇ ಮಾಡಿದನಾ ಅನ್ನೋದರ ಬಗ್ಗೆ ಇವತ್ತಿಗೂ ವಾದ ಇದೆ. ಊರಿನ ಬಗ್ಗೆ ಅಷ್ಟು ಗೊಂದಲ ಇಲ್ಲ. ಈಗ ಜಗತ್ತಲ್ಲಿ ಚಾಲ್ತಿಯಲ್ಲಿರೋ ತೈ ಚಿಯ ಮುಖ್ಯ ಶೈಲಿಗಳಾದ ಚೆನ್, ಯಾಂಗ್, ಎರಡು ಬೇರೆ ಬೇರೆ ವೂ, ಮತ್ತೆ ಸುನ್, ಎಲ್ಲದರ ದಾರಿಯನ್ನ ಹಿಂದಕ್ಕೆ ಹಿಡಿದು ಹೋದ್ರೆ ಸಿಗೋದು ಆ ಹಳ್ಳಿಯೇ.

ಹಳ್ಳಿಯಿಂದ ಅದನ್ನ ಹೊರಗೆ ತಂದವನು ಯಾಂಗ್ ಲೂಚಾನ್. ಹುಟ್ಟಿದ್ದು 1799ರಲ್ಲಿ, ಹೆಬೇ ಪ್ರಾಂತ್ಯದ ಯೋಂಗ್ನಿಯನ್‌ನಲ್ಲಿ. ಬಡವ. ಚೆನ್‌ಜಿಯಾಗೋಗೆ ಹೋಗಿ ಚೆನ್ ಚಾಂಗ್‌ಶಿಂಗ್ ಅನ್ನೋ ಗುರುವಿನ ಹತ್ತಿರ ವರ್ಷಗಟ್ಟಲೆ ಇದ್ದು ಕಲಿತ. ಮನೆತನದ ಹೊರಗಿನವನಿಗೆ ಕಲಿಸೋ ರೂಢಿ ಇರಲಿಲ್ಲ, ಹಾಗಾಗಿ ಅವನು ಗೋಡೆಯ ಬಿರುಕಲ್ಲಿ ಕದ್ದು ನೋಡಿ ಕಲಿತ ಅನ್ನೋ ಕಥೆಯೂ ಇದೆ. ನಮ್ಮ ಏಕಲವ್ಯನ ನೆನಪಾಗುತ್ತಲ್ವಾ? ಇಲ್ಲಿ ಗುರು ಹೆಬ್ಬೆರಳು ಕೇಳಲಿಲ್ಲ ಅನ್ನೋದು ಸಮಾಧಾನ. ಆಮೇಲೆ ಯಾಂಗ್ ಬೀಜಿಂಗ್‌ಗೆ ಹೋದ, ಅಲ್ಲಿ ಅವನಿಗೆ "ಅಜೇಯ ಯಾಂಗ್" ಅಂತ ಹೆಸರು ಬಂತು, ಮಂಚು ಅರಸೊತ್ತಿಗೆಯ ಕಾವಲುಪಡೆಗೆ ಕಲಿಸಿದ. ಮಂಚು ಆಳ್ವಿಕೆಯ ವಿರುದ್ಧ ಹುಟ್ಟಿಕೊಂಡ "ಒಳಗಿನ ವಿದ್ಯೆ" ಅನ್ನೋ ಹೆಸರು, ಕೊನೆಗೆ ಅದೇ ಮಂಚು ಅರಮನೆಯಲ್ಲಿ ಪಾಠವಾದ ಒಂದು ವಿದ್ಯೆಗೆ ಅಂಟಿಕೊಂಡಿತು. ಇತಿಹಾಸಕ್ಕೂ ತಮಾಷೆ ಗೊತ್ತು.

"ತೈಜಿಚ್ವಾನ್" ಅನ್ನೋ ಹೆಸರು ಬಳಕೆಗೆ ಬಂದದ್ದೂ ಈ ಹೊತ್ತಿಗೆ, 19ನೇ ಶತಮಾನದಲ್ಲಿ. ಯಾಂಗ್‌ನ ಊರಿನವನೇ ಆದ ವೂ ಯೂಶಿಯಾಂಗ್ ಅನ್ನೋ ಓದಿದ ಮನೆತನದವನು ಈ ವಿದ್ಯೆಗೆ ಸಿದ್ಧಾಂತದ ಬರಹಗಳನ್ನ ಕೊಟ್ಟ. ಉಪ್ಪಿನ ಅಂಗಡಿಯಲ್ಲಿ ಹಳೇ ಹಸ್ತಪ್ರತಿ ಸಿಕ್ಕಿತು ಅಂತ ಆ ಮನೆತನದ ಹೇಳಿಕೆ. "ತೈಜಿ" ಅನ್ನೋ ತತ್ವ, ಅಂದ್ರೆ ಯಿನ್ ಮತ್ತು ಯಾಂಗ್ ಎರಡೂ ಯಾವುದರಿಂದ ಹೊರಡುತ್ತವೋ ಆ ಮೂಲ, ಸಾವಿರಾರು ವರ್ಷ ಹಳೆಯದು. ಅದನ್ನ ಮುಷ್ಟಿಯುದ್ಧಕ್ಕೆ ಹೆಸರಾಗಿ ಇಟ್ಟಿದ್ದು ಮಾತ್ರ ನೂರೈವತ್ತು ಚಿಲ್ಲರೆ ವರ್ಷದ ಹಿಂದೆ. ತತ್ವದ ವಯಸ್ಸನ್ನ ವಿದ್ಯೆಯ ಲೆಕ್ಕಕ್ಕೆ ಬರೆದುಕೊಂಡಿದ್ದರಿಂದಲೇ "ಸಾವಿರಾರು ವರ್ಷಗಳ ತೈ ಚಿ" ಅನ್ನೋ ಬೋರ್ಡು ಎಲ್ಲ ಕಡೆ ಕಾಣೋದು.

ಸರಿ, ಒಳಗಿನದು ಅಂದ್ರೆ ಏನು? ಹೊಟ್ಟೆಯೊಳಗೆ ಏನಾದ್ರೂ ಬೆಳಕು ಓಡಾಡುತ್ತಾ? "ಚಿ" ಅಂತ ಒಂದು ಮಾತು ಬರುತ್ತೆ, ಉಸಿರು ಅನ್ನೋ ಅರ್ಥವೂ ಇದೆ, ಪ್ರಾಣಶಕ್ತಿ ಅನ್ನೋ ಅರ್ಥವೂ ಇದೆ. ಅದರ ಬಗ್ಗೆ ಗಂಟೆಗಟ್ಟಲೆ ಮಾತಾಡೋರಿದ್ದಾರೆ. ನಾನು ಅಭ್ಯಾಸದ ಕಡೆಯಿಂದ ಹೋಗ್ತೀನಿ, ಯಾಕಂದ್ರೆ ಅಲ್ಲಿ ವಿಷಯ ಕೈಗೆ ಸಿಗುತ್ತೆ.

ಬಸ್ಸಲ್ಲಿ ನಿಂತಿರೋರು ಈಗ ಗಮನ ಕೊಡಿ. ಡ್ರೈವರ್ ಬ್ರೇಕ್ ಹಾಕಿದಾಗ ಯಾರು ಮುಂದಕ್ಕೆ ಬೀಳ್ತಾರೆ? ಮಂಡಿ ಬಿಗಿಹಿಡಿದು, ಭುಜ ಮೇಲೆತ್ತಿ, ಕಂಬದ ಹಾಗೆ ನಿಂತಿರೋರು. ಕಂಡಕ್ಟರ್ ನೋಡಿ, ಏನೂ ಹಿಡಿಯದೆ ಟಿಕೆಟ್ ಹರೀತಾ ನಿಂತಿರ್ತಾರೆ. ಅವರ ಮಂಡಿ ಸಡಿಲ, ಸೊಂಟ ಸಡಿಲ, ಭಾರ ಪಾದಕ್ಕೆ ಇಳಿದಿರುತ್ತೆ, ಬಸ್ಸು ಎಳೆದ ಕಡೆ ಮೈ ಸ್ವಲ್ಪ ಹೋಗಿ ವಾಪಸ್ ಬರುತ್ತೆ. ತೈ ಚಿಯಲ್ಲಿ ಮೊದಲು ಕಲಿಸೋ ಪದ "ಸೋಂಗ್". ಸಡಿಲ ಬಿಡೋದು ಅಂತ. ಆದ್ರೆ ಸೋಫಾ ಮೇಲೆ ಬಿದ್ದುಕೊಂಡ ಸಡಿಲ ಅಲ್ಲ, ಕಂಡಕ್ಟರ್‌ನ ಸಡಿಲ. ನಿಲ್ಲೋಕೆ ಎಷ್ಟು ಬೇಕೋ ಅಷ್ಟೇ ಬಿಗಿ, ಉಳಿದದ್ದೆಲ್ಲ ಬಿಟ್ಟಿರೋದು.

ಎರಡನೆಯದು ಭಾರ ಬದಲಾಯಿಸೋದು. ಮನೆಗೆ ಹೋದಮೇಲೆ ಮಾಡಿ ನೋಡಿ. ಭುಜದಷ್ಟು ಅಗಲಕ್ಕೆ ಕಾಲಿಟ್ಟು, ಮಂಡಿ ಸ್ವಲ್ಪ ಮಡಚಿ ನಿಲ್ಲಿ. ಮೈಯ ಭಾರವನ್ನ ನಿಧಾನವಾಗಿ ಬಲಗಾಲಿಗೆ ತನ್ನಿ. ಎಷ್ಟು ನಿಧಾನ ಅಂದ್ರೆ, ಹತ್ತು ಎಣಿಸೋವರೆಗೆ. ಎಡಗಾಲು ಪೂರ್ತಿ ಖಾಲಿ ಆಗಬೇಕು, ಎತ್ತಿದ್ರೂ ಮೈ ಅಲುಗಾಡಬಾರದು. ಆಮೇಲೆ ಆ ಕಡೆಗೆ. ತುಂಬಿದ ಕಾಲು, ಖಾಲಿ ಕಾಲು ಅಂತ ಅವರು ಹೇಳೋದು ಇದನ್ನೇ. ಮೂರು ನಿಮಿಷ ಮಾಡಿ, ತೊಡೆ ನಡುಗೋಕೆ ಶುರುವಾಗುತ್ತೆ. ಪಾರ್ಕಿನ ಅಜ್ಜಿಯರ ಬಗ್ಗೆ ಗೌರವ ಹೆಚ್ಚಾಗುತ್ತೆ. ನಿಧಾನದ ಗುಟ್ಟು ಇಲ್ಲೇ ಇದೆ: ವೇಗವಾಗಿ ಮಾಡಿದ್ರೆ ಬ್ಯಾಲೆನ್ಸ್ ಇಲ್ಲದಿರೋದನ್ನ ವೇಗವೇ ಮುಚ್ಚಿಹಾಕುತ್ತೆ. ನಿಧಾನಕ್ಕೆ ಮಾಡಿದ್ರೆ ಎಲ್ಲ ಬಯಲಾಗುತ್ತೆ. ಸೈಕಲ್ ನಿಧಾನಕ್ಕೆ ಓಡಿಸೋ ಸ್ಪರ್ಧೆ ನೆನಪಿದೆಯಾ, ಶಾಲೆಯಲ್ಲಿ? ಅದೇ ಲೆಕ್ಕ.

ಹಾಗಂತ ಎಲ್ಲ ತೈ ಚಿಯೂ ನಿಧಾನ ಅಂದ್ಕೋಬೇಡಿ. ಮೂಲದ ಚೆನ್ ಶೈಲಿಯಲ್ಲಿ ನಿಧಾನದ ನಡುವೆ ಇದ್ದಕ್ಕಿದ್ದಂತೆ ಸಿಡಿಯೋ ಹೊಡೆತಗಳಿವೆ, ನೆಲ ಗುದ್ದೋದು, ನೆಗೆಯೋದು ಇದೆ. ಅವರ ಎರಡನೇ ಸರಣಿಯ ಹೆಸರು ಫಿರಂಗಿ ಮುಷ್ಟಿ. ಒಂದೇ ಸಮನಾದ, ಹೊಳೆ ಹರಿದ ಹಾಗಿರೋ ಚಲನೆ ಗಟ್ಟಿಯಾಗಿದ್ದು ಯಾಂಗ್ ಲೂಚಾನ್‌ನ ಮೊಮ್ಮಗ ಯಾಂಗ್ ಚೆಂಗ್‌ಫೂ ಕಾಲದಲ್ಲಿ, 20ನೇ ಶತಮಾನದ ಮೊದಲ ಭಾಗದಲ್ಲಿ, ಅದು ಶಹರದ ಓದಿದ ಜನರ ಆರೋಗ್ಯಾಭ್ಯಾಸ ಆಗ್ತಿದ್ದ ಹೊತ್ತಲ್ಲಿ.

ಚೆನ್ ಶೈಲಿಯಲ್ಲಿ "ಚಾನ್ಸಿ" ಅಂತ ಒಂದು ಅಭ್ಯಾಸ ಇದೆ. ಅರ್ಥ, ರೇಷ್ಮೆ ನೂಲು ಸುತ್ತೋದು. ರಾಮನಗರ, ಶಿಡ್ಲಘಟ್ಟದ ಕಡೆಯವರಿಗೆ ಇದನ್ನ ವಿವರಿಸೋದೇ ಬೇಡ. ಗೂಡಿನಿಂದ ನೂಲು ಬಿಚ್ಚುವಾಗ ಜೋರಾಗಿ ಎಳೆದ್ರೆ ಪಟ್ ಅಂತ ತುಂಡಾಗುತ್ತೆ, ಬಿಗಿ ಬಿಟ್ಟರೆ ಗೋಜಲಾಗುತ್ತೆ. ಒಂದೇ ಹದದಲ್ಲಿ, ತಿರುಗಿಸ್ತಾ ಎಳೀಬೇಕು. ಕೈ ಹಾಗೆ ತಿರುಗಬೇಕು ಅಂತಾರೆ, ಅದೂ ಕೈಯೊಂದೇ ತಿರುಗೋದಲ್ಲ. ಪಾದ ನೆಲವನ್ನ ಒತ್ತುತ್ತೆ, ಆ ಒತ್ತಡ ಕಾಲಿಂದ ಸೊಂಟಕ್ಕೆ, ಸೊಂಟ ತಿರುಗಿದಾಗ ಬೆನ್ನಿಗೆ, ಭುಜಕ್ಕೆ, ಕೊನೆಗೆ ಬೆರಳಿಗೆ ಬರುತ್ತೆ. ಒಳ್ಳೆ ಫಾಸ್ಟ್ ಬೌಲರ್‌ಗೂ ವೇಗ ಬರೀ ತೋಳಿಂದ ಬರಲ್ಲ ಅಲ್ವಾ, ಹಾಗೇ. "ಒಳಗಿನ ಬಲ" ಅನ್ನೋದರಲ್ಲಿ ದೊಡ್ಡ ಪಾಲು ಇದು. ಮೈಯ ಭಾಗಗಳು ಒಂದಕ್ಕೊಂದು ಜೋಡಣೆಯಾಗಿ ಕೆಲಸ ಮಾಡೋದು ಹೊರಗಿನಿಂದ ಕಾಣಲ್ಲ, ಅದಕ್ಕೇ ಒಳಗಿನದು.

ಇನ್ನುಳಿದ ಪಾಲು ಇಬ್ಬರು ಸೇರಿದಾಗ ಮಾತ್ರ ಗೊತ್ತಾಗೋದು. ಇಲ್ಲಿ ಸ್ವಲ್ಪ ನಿಲ್ಲೋಣ, ನನ್ನ ಪ್ರಕಾರ ತೈ ಚಿಯ ಜೀವ ಇರೋದು ಇಲ್ಲಿ, ಮತ್ತೆ ವಿಡಿಯೋಗಳಲ್ಲಿ ನಮಗೆ ಅತಿ ಕಡಿಮೆ ಕಾಣೋದೂ ಇದೇ.

"ತುಯ್‌ಶೋ" ಅಂತಾರೆ. ಕೈ ತಳ್ಳಾಟ. ಇಬ್ಬರು ಎದುರುಬದುರು ನಿಂತು ಮಣಿಕಟ್ಟಿಗೆ ಮಣಿಕಟ್ಟು ತಾಗಿಸ್ತಾರೆ. ನಾನು ತಳ್ಳಿದ್ರೆ ನೀವು ತಡೆಯೋಕೆ ಹೋಗಲ್ಲ, ತಪ್ಪಿಸಿಕೊಂಡು ಓಡಲ್ಲ. ನನ್ನ ಕೈಗೆ ಅಂಟಿಕೊಂಡೇ, ಬಂದ ಬಲವನ್ನ ಪಕ್ಕಕ್ಕೆ ದಾರಿ ತೋರಿಸಿ ಕಳಿಸ್ತೀರಿ. ನಾನು ಜಾಸ್ತಿ ತಳ್ಳಿದಷ್ಟೂ ನನ್ನ ಭಾರ ಮುಂದಕ್ಕೆ ಹೋಗುತ್ತೆ. ಹೋದ ಕ್ಷಣಕ್ಕೆ ನೀವು ಸಣ್ಣಗೆ ಒತ್ತಿದ್ರೂ ಸಾಕು, ನಾನು ಎರಡು ಹೆಜ್ಜೆ ಎಗರಿ ಬೀಳ್ತೀನಿ. ಇದರಲ್ಲಿ ಪೆಂಗ್, ಲ್ಯೂ, ಜಿ, ಆನ್ ಅಂತ ನಾಲ್ಕು ಮೂಲ ಪಾಠ. ಗಾಳಿ ತುಂಬಿದ ಚೆಂಡಿನ ಹಾಗೆ ತುಂಬಿಕೊಂಡಿರೋದು, ಹಿಂದಕ್ಕೆ ಸುತ್ತಿ ಬಿಡೋದು, ಒತ್ತೋದು, ತಳ್ಳೋದು. ಎದುರಿನವನ ಚರ್ಮ ಮುಟ್ಟಿ ಅವನ ಭಾರ ಯಾವ ಪಾದದಲ್ಲಿದೆ, ಈಗ ಯಾವ ಕಡೆ ಬರ್ತಾನೆ ಅಂತ ತಿಳ್ಕೊಳ್ಳೋದಕ್ಕೆ ಅವರಿಟ್ಟ ಹೆಸರು "ತಿಂಗ್". ಕೇಳಿಸಿಕೊಳ್ಳೋದು ಅಂತ! ಕಿವಿಯಿಂದಲ್ಲ, ಕೈಯಿಂದ.

ಗರಡಿ ಮನೆಯ ಹಳೇ ಪೈಲ್ವಾನರಿಗೂ ಇದು ಗೊತ್ತಿರುತ್ತೆ. ಕೈ ಸೇರಿಸಿದ ಕೂಡಲೇ ಎದುರಿನವನ ಬುಡ ಗಟ್ಟಿಯೋ ಟೊಳ್ಳೋ ಅಂತ ಅಂದಾಜು ಸಿಕ್ಕಿಬಿಡುತ್ತೆ. ಜೂಡೋ ಆಡೋರಿಗೂ ಅಷ್ಟೇ. ಇದರಲ್ಲಿ ಮಾಯಮಂತ್ರ ಇಲ್ಲ, ಸಾವಿರ ಸಲ ಬೇರೆ ಬೇರೆ ಜನರ ಜೊತೆ ಕೈ ಸೇರಿಸಿದ್ರೆ ಬರೋ ಅರಿವು. ಮತ್ತೆ ಇದು ಒಪ್ಪದ ಎದುರಾಳಿ ಇದ್ದರೆ ಮಾತ್ರ ಬೆಳೆಯೋದು. ಎದುರಿಗಿರೋ ಶಿಷ್ಯ ಗುರುಗಳಿಗೆ ಬೇಜಾರಾಗಬಾರದು ಅಂತ ತಾನೇ ಹಾರಿ ಬಿದ್ದರೆ? ಆಗ ಗುರುವಿನ ಕೈ ಕೇಳಿಸಿಕೊಳ್ಳೋದನ್ನ ನಿಲ್ಲಿಸುತ್ತೆ.

ಅಲ್ಲಿಂದಲೇ ಸಮಸ್ಯೆ ಶುರು.

1954ರ ಜನವರಿ 17ಕ್ಕೆ ಹೋಗೋಣ. ಮಕಾವ್. ಹಾಂಗ್ ಕಾಂಗ್‌ನಲ್ಲಿ ಕೆಲವೇ ವಾರಗಳ ಹಿಂದೆ ದೊಡ್ಡ ಬೆಂಕಿ ಅನಾಹುತವಾಗಿ ಸಾವಿರಾರು ಜನ ಮನೆ ಕಳ್ಕೊಂಡಿದ್ದರು. ಸಹಾಯಾರ್ಥ ಪಂದ್ಯ. ಒಂದು ಕಡೆ ವೂ ಶೈಲಿಯ ಮುಖ್ಯಸ್ಥ ವೂ ಗೋಂಗ್‌ಯಿ, ಐವತ್ತು ದಾಟಿದವನು, ಯಾಂಗ್ ಮನೆತನದಿಂದ ಕಲಿತ ಮಂಚು ಸೈನಿಕನೊಬ್ಬನ ಮೊಮ್ಮಗ. ಇನ್ನೊಂದು ಕಡೆ ಬಿಳಿ ಕೊಕ್ಕರೆ ಶೈಲಿಯ ಚಾನ್ ಹಾಕ್‌ಫು, ಇನ್ನೂ ಮೂವತ್ತರ ಹರೆಯ. ಈ ಪಂದ್ಯದ ಫಿಲ್ಮ್ ಉಳಿದಿದೆ, ಯೂಟ್ಯೂಬಲ್ಲಿ ಸಿಗುತ್ತೆ, ನೋಡಿ. ಹಾವು ಕೊಕ್ಕರೆ ಕಥೆಯ ಚೆಲುವು ಅದರಲ್ಲಿ ಹುಡುಕಬೇಡಿ. ಇಬ್ಬರೂ ಗಾಬರಿಯಲ್ಲಿ ಕೈ ಬೀಸ್ತಾರೆ, ಚಾನ್‌ನ ಮೂಗಿನಿಂದ ರಕ್ತ ಬರುತ್ತೆ, ಎರಡನೇ ಸುತ್ತಿನಲ್ಲಿ ಪಂದ್ಯ ನಿಲ್ಲಿಸಿ ಗೆಲುವೂ ಇಲ್ಲ, ಸೋಲೂ ಇಲ್ಲ, ಸಮವೂ ಇಲ್ಲ ಅಂತ ಘೋಷಿಸಿದರು. ಎಷ್ಟು ಜಾಣ ತೀರ್ಪು! ಆದ್ರೆ ವೂ ಗೋಂಗ್‌ಯಿ ಬಗ್ಗೆ ನಂಗೆ ಗೌರವ ಇದೆ. ಆ ವಯಸ್ಸಲ್ಲಿ, ಅಷ್ಟು ದೊಡ್ಡ ಹೆಸರಿಟ್ಟುಕೊಂಡು, ಸಾವಿರಾರು ಜನರೆದುರು ಹತ್ತಿದ.

ಅದಾದ ಮೂರೇ ದಿನಕ್ಕೆ ಹಾಂಗ್ ಕಾಂಗ್‌ನ ಪತ್ರಿಕೆಯೊಂದು ಆ ಜ್ವರವನ್ನ ಬಳಸಿಕೊಂಡು ಲಿಯಾಂಗ್ ಯೂಶೆಂಗ್ ಅನ್ನೋ ಲೇಖಕನಿಂದ ಕುಂಗ್ ಫೂ ಧಾರಾವಾಹಿ ಶುರು ಮಾಡಿಸಿತು. ಮರುವರ್ಷ ಜಿನ್ ಯೋಂಗ್ ಬರೆಯೋಕೆ ಶುರು ಮಾಡಿದ. ಹಾರಾಡೋ ಕತ್ತಿವೀರರ ಹೊಸ ಕಾದಂಬರಿ ಯುಗ ಹೀಗೆ ಬಂತು, ಅದರಿಂದ ಸಿನಿಮಾ, ಸೀರಿಯಲ್, ಗೇಮು. ಅಂದ್ರೆ ಒಂದು ಒರಟು, ಅಂದಗೆಟ್ಟ, ನಿಜವಾದ ಪಂದ್ಯದ ಬೆನ್ನಲ್ಲೇ ಸುಂದರವಾದ ಕಲ್ಪನೆಗಳ ಪ್ರವಾಹ ಬಂತು. ಜನಕ್ಕೆ ನೆನಪಲ್ಲಿ ಉಳಿದದ್ದು ಪ್ರವಾಹ.

ಅತ್ತ ಮುಖ್ಯ ಚೀನಾದಲ್ಲಿ 1956ರಲ್ಲಿ ಸರ್ಕಾರದ ಕ್ರೀಡಾ ಆಯೋಗ ಯಾಂಗ್ ಶೈಲಿಯನ್ನ ಸರಳ ಮಾಡಿ 24 ಭಂಗಿಗಳ ಸರಣಿ ಹೊರತಂತು. ಐದಾರು ನಿಮಿಷದಲ್ಲಿ ಮುಗಿಯುತ್ತೆ. ಪಾರ್ಕುಗಳಲ್ಲಿ ಕಾಣೋದು ಹೆಚ್ಚಾಗಿ ಇದೇ. ಕೋಟಿಗಟ್ಟಲೆ ಜನರನ್ನ ಇದು ಮುಟ್ಟಿತು, ಒಪ್ಪಬೇಕು. ಆದ್ರೆ ಕೈ ತಳ್ಳಾಟ ಹಿಂದಕ್ಕೆ ಸರೀತು.

ಹುಟ್ಟೂರಿನ ಕಥೆ ಕೇಳಿದ್ರೆ ಇನ್ನೂ ಬೇಜಾರಾಗುತ್ತೆ. 1958ರಲ್ಲಿ ಚೆನ್ ಜಾವ್‌ಪಿ ಅನ್ನೋ ಗುರು, ಹೊರಗೆ ಕೆಲಸದಲ್ಲಿದ್ದವನು, ಚೆನ್‌ಜಿಯಾಗೋಗೆ ವಾಪಸ್ ಬಂದು ನೋಡ್ತಾನೆ, ಊರಲ್ಲಿ ಅಭ್ಯಾಸ ಮಾಡೋರೇ ಇಲ್ಲದ ಹಾಗಾಗಿದೆ. ಬರ, ಯುದ್ಧ, ಹಸಿವು ಎಲ್ಲ ಸೇರಿ ಒಂದು ತಲೆಮಾರೇ ಖಾಲಿಯಾಗಿತ್ತು. ಅರವತ್ತು ದಾಟಿದ್ದ ಆತ ಊರ ಹುಡುಗರಿಗೆ ಕಲಿಸೋಕೆ ಕೂತ. ಅಷ್ಟರಲ್ಲಿ ಸಾಂಸ್ಕೃತಿಕ ಕ್ರಾಂತಿ ಬಂತು, ಹಳೇದೆಲ್ಲ ಅಪರಾಧ ಅನ್ನೋ ಕಾಲ. ಅವನಿಗೆ ಕಿರುಕುಳವಾಯ್ತು, ಅಭ್ಯಾಸ ಗುಟ್ಟಿಗೆ ಇಳೀತು. 1972ರಲ್ಲಿ ಆತ ತೀರಿಕೊಂಡ. ಅವನ ಕೈಯಲ್ಲಿ ಕಲಿತ ಹುಡುಗರಲ್ಲಿ ಚೆನ್ ಶಿಯಾವ್‌ವಾಂಗ್, ಚೆನ್ ಜೆಂಗ್‌ಲೇಯ್ ಮುಂತಾದವರು ಆಮೇಲೆ ಜಗತ್ತೆಲ್ಲ ಸುತ್ತಿ ಕಲಿಸಿದರು. ಒಬ್ಬ ಮುದುಕ ವಾಪಸ್ ಬರದೇ ಇದ್ದಿದ್ದರೆ ಆ ಊರಲ್ಲಿ ಇವತ್ತು ಏನುಳೀತಿತ್ತೋ. ಕನಸಲ್ಲಿ ಬಂದ ದೇವರಿಗಿಂತ ನಂಗೆ ಈ ಮೇಷ್ಟ್ರು ದೊಡ್ಡವರು ಅನ್ನಿಸುತ್ತೆ.

ಈಗ 2017. ಶುರುವಿನಲ್ಲಿ ಹೇಳಿದ ಗಲಾಟೆ. ಶು ಶಿಯಾವ್‌ದೋಂಗ್ ಅನ್ನೋ ಎಂಎಂಎ ಆಟಗಾರ, ಬಾಯಿ ಸ್ವಲ್ಪ ಜೋರು. ನಕಲಿ ಕುಂಗ್ ಫೂ ಗುರುಗಳನ್ನ ಬಯಲು ಮಾಡ್ತೀನಿ ಅಂತ ಹೊರಟ. ಚೆಂಗ್ಡುವಿನಲ್ಲಿ ವೇಯ್ ಲೇಯ್ ಅನ್ನೋ ತೈ ಚಿ ಗುರು ಎದುರಾದ. ಅಂಗೈ ಮೇಲೆ ಕೂತ ಹಕ್ಕಿ ಹಾರೋಕಾಗದ ಹಾಗೆ ಮಾಡ್ತೀನಿ ಅಂತ ಟಿವಿಯಲ್ಲಿ ಬಂದಿದ್ದ ಗುರು ಅವನು. ಪಂದ್ಯ ಅರ್ಧ ನಿಮಿಷವೂ ನಡೀಲಿಲ್ಲ. ಗುರು ನೆಲದ ಮೇಲೆ, ಶು ಮೇಲಿಂದ ಗುದ್ದುತ್ತಿದ್ದಾನೆ. ವಿಡಿಯೋ ಚೀನಾ ತುಂಬಾ ಹರಿದಾಡಿತು. ಮಜಾ ಅಂದ್ರೆ, ಬೈಗುಳ ಬಿದ್ದದ್ದು ಸೋತವನಿಗಿಂತ ಗೆದ್ದವನಿಗೇ ಹೆಚ್ಚು. ಸಂಸ್ಕೃತಿಗೆ ಅವಮಾನ ಮಾಡಿದ ಅಂತ. ಆಮೇಲೆ ಚೆನ್ ಶಿಯಾವ್‌ವಾಂಗ್ ಬಗ್ಗೆ ಹಗುರವಾಗಿ ಮಾತಾಡಿದ್ದಕ್ಕೆ ಕೋರ್ಟು ಅವನಿಗೆ ಕ್ಷಮೆ ಕೇಳೋಕೂ, ಹಣ ಕಟ್ಟೋಕೂ ಹೇಳಿತು.

2020ರ ಮೇನಲ್ಲಿ ಮಾ ಬಾವ್‌ಗುವೋ ಅನ್ನೋ 69 ವರ್ಷದ ತೈ ಚಿ ಗುರು ಹವ್ಯಾಸಿ ಆಟಗಾರನೆದುರು ರಿಂಗಿಗೆ ಇಳಿದು ಅರ್ಧ ನಿಮಿಷದಲ್ಲಿ ಮೂರು ಸಲ ನೆಲ ಕಂಡ. ಮೂರನೇ ಸಲ ಏಳಲಿಲ್ಲ. ಅದಕ್ಕೂ ಹಿಂದಿನ ಒಂದು ವಿಡಿಯೋದಲ್ಲಿ, ಈಗಿನ ಹುಡುಗರಿಗೆ ಯುದ್ಧಧರ್ಮವೇ ಇಲ್ಲ ಅಂತ ಅವನು ದೂರಿದ್ದ. ಅದು ಅಲ್ಲಿನ ಹುಡುಗರ ಅಚ್ಚುಮೆಚ್ಚಿನ ಮೀಮ್ ಆಯ್ತು. ಅದೇ ವರ್ಷ ಡಿಸೆಂಬರ್‌ನಲ್ಲಿ ಯುನೆಸ್ಕೋ ತೈಜಿಚ್ವಾನ್ ಅನ್ನ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಒಂದೇ ವರ್ಷದಲ್ಲಿ ಮೀಮೂ ಆಯ್ತು, ಯುನೆಸ್ಕೋನೂ ಆಯ್ತು.

ಹಾಗಾದ್ರೆ ತೈ ಚಿ ಬೂಟಾಟಿಕೆನಾ? ನನ್ನ ಅಭಿಪ್ರಾಯ ಹೇಳ್ತೀನಿ. ಆ ಗುರುಗಳು ಸೋತಿದ್ದು ತೈ ಚಿ ಮಾಡಿದ್ದಕ್ಕಲ್ಲ, ಅದರ ಅರ್ಧವನ್ನ ಮಾತ್ರ ಮಾಡಿದ್ದಕ್ಕೆ. ಎದುರಾಳಿ ಇಲ್ಲದೆ ಒಬ್ಬರೇ ಗಾಳಿಯಲ್ಲಿ ಕೈ ಆಡಿಸಿ, ಹಾರಿ ಬೀಳೋ ಶಿಷ್ಯರನ್ನ ಸುತ್ತ ಇಟ್ಟುಕೊಂಡರೆ ಯಾವ ವಿದ್ಯೆಯಾದ್ರೂ ಹೀಗೇ ಆಗೋದು. ಯಾಂಗ್ ಲೂಚಾನ್‌ನ ಹೆಸರು ಬೆಳೆದದ್ದು ಜನ ಬಂದು ಅವನ ಮೇಲೆ ಕೈ ಮಾಡಿ ನೋಡಿದ್ದರಿಂದ. ಪುರಾಣ ಕಟ್ಟಿಕೊಂಡದ್ದರ ನಷ್ಟವೂ ಇಲ್ಲೇ ಕಾಣುತ್ತೆ. ವಿದ್ಯೆ ದೇವರಿಂದ ಬಂದದ್ದು ಅಂದಮೇಲೆ ಪರೀಕ್ಷೆ ಮಾಡೋಕೆ ಯಾರು ಹೋಗ್ತಾರೆ? ಕಾವಲು ಪಡೆಯ ರೈತರಿಂದ ಬಂದದ್ದು ಅಂದ್ರೆ, ಕೆಲಸ ಮಾಡುತ್ತಾ ಇಲ್ವಾ ಅಂತ ಕೇಳೋದು ಸಹಜ.

ಆರೋಗ್ಯದ ವಿಷಯಕ್ಕೆ ಬಂದ್ರೆ ಅಲ್ಲಿ ಪರೀಕ್ಷೆಗಳು ನಡೆದಿವೆ. 2012ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಅಧ್ಯಯನ: ಅಮೆರಿಕದ ಆರೆಗಾನ್‌ನಲ್ಲಿ ಪಾರ್ಕಿನ್ಸನ್ ಇರೋ 195 ಜನರನ್ನ ಮೂರು ಗುಂಪು ಮಾಡಿ, ಒಂದಕ್ಕೆ ತೈ ಚಿ, ಒಂದಕ್ಕೆ ತೂಕದ ವ್ಯಾಯಾಮ, ಒಂದಕ್ಕೆ ಬರೀ ಸ್ಟ್ರೆಚಿಂಗ್ ಕೊಟ್ಟು 24 ವಾರ ನೋಡಿದರು. ಸಮತೋಲನದಲ್ಲಿ ತೈ ಚಿ ಗುಂಪು ಉಳಿದ ಎರಡಕ್ಕಿಂತ ಮುಂದಿತ್ತು. ಬೀಳೋದು ಸ್ಟ್ರೆಚಿಂಗ್ ಗುಂಪಿಗಿಂತ ಕಡಿಮೆಯಾಯ್ತು, ತೂಕದ ವ್ಯಾಯಾಮದವರಿಗೆ ಹೋಲಿಸಿದ್ರೆ ಮಾತ್ರ ಹೇಳಿಕೊಳ್ಳೋ ವ್ಯತ್ಯಾಸ ಕಾಣಲಿಲ್ಲ. ವಯಸ್ಸಾದವರು ಬೀಳೋದನ್ನ ತಪ್ಪಿಸೋಕೆ ತೈ ಚಿ ನೆರವಾಗುತ್ತೆ ಅನ್ನೋದಕ್ಕೆ ಬೇರೆ ಆಧಾರಗಳೂ ಇವೆ. ಮನೆಯಲ್ಲಿ ಬಾತ್‌ರೂಮಲ್ಲಿ ಜಾರಿ ಸೊಂಟ ಮುರ್ಕೊಂಡ ಅಜ್ಜಿ ಇದ್ದವರಿಗೆ ಇದು ಸಣ್ಣ ವಿಷಯ ಅಲ್ಲ ಅಂತ ಗೊತ್ತು. ಕ್ಯಾನ್ಸರ್ ವಾಸಿಯಾಗುತ್ತೆ, ಡಯಾಬಿಟಿಸ್ ಮಾತ್ರೆ ಬಿಡಬಹುದು ಅಂತ ಯಾರಾದ್ರೂ ಹೇಳಿದ್ರೆ ಅಲ್ಲಿಂದ ಎದ್ದು ಬನ್ನಿ.

ಕೊನೆಗೆ, ಕಲಿಯೋ ಆಸೆ ಹುಟ್ಟಿದವರಿಗೆ. ಕ್ಲಾಸಿಗೆ ದುಡ್ಡು ಕಟ್ಟೋ ಮುಂಚೆ ಒಂದು ದಿನ ಸುಮ್ಮನೆ ಕೂತು ನೋಡಿ. ಗುರುಗಳು ಶಿಷ್ಯರ ಕೈ ಮುಟ್ಟಿ ತಿದ್ದುತ್ತಾರಾ? ಇಬ್ಬಿಬ್ಬರು ಸೇರಿ ತಳ್ಳಾಟ ಮಾಡ್ತಾರಾ, ಅದರಲ್ಲಿ ಗುರುಗಳೂ ಆಗಾಗ ಹೆಜ್ಜೆ ತಪ್ಪುತ್ತಾರಾ? ತಪ್ಪಿದ್ರೆ ನಗ್ತಾರಾ? ಹೌದು ಅಂದ್ರೆ ಅದು ಒಳ್ಳೆ ಜಾಗ. ಮುಟ್ಟದೇನೇ ಶಿಷ್ಯರು ಹಾರಿ ಬೀಳ್ತಿದ್ದರೆ, ಚಪ್ಪಲಿ ಹಾಕ್ಕೊಳ್ಳಿ. ಮಂಡಿಯ ಬಗ್ಗೆ ಜಾಗ್ರತೆ ಇರಲಿ, ಹೊಸಬರು ಶುರುವಿನಲ್ಲೇ ತುಂಬಾ ಕೆಳಗೆ ಕೂತು, ಮಂಡಿಯನ್ನ ಒಳಗೆ ತಿರುಚಿ ನೋವು ಮಾಡ್ಕೋತಾರೆ. ಮಂಡಿ ಪಾದದ ಬೆರಳು ನೋಡೋ ಕಡೆಗೇ ಇರಲಿ. ಮತ್ತೆ ಆ ಭಾರ ಬದಲಾಯಿಸೋ ಅಭ್ಯಾಸಕ್ಕೆ ಯಾವ ಕ್ಲಾಸೂ ಬೇಡ, ಕುಕ್ಕರ್ ಮೂರು ಸೀಟಿ ಹೊಡೆಯೋವರೆಗೆ ಅಡುಗೆಮನೆಯಲ್ಲೇ ಮಾಡಬಹುದು.

ಇವತ್ತಿಗೆ ಇಷ್ಟು. ಬಸ್ಸಲ್ಲಿ ಕೇಳ್ತಿದ್ದವರು ನಿಮ್ಮ ಸ್ಟಾಪ್ ಬಂತಾ ನೋಡ್ಕೊಳ್ಳಿ. ನಮಸ್ಕಾರ.